ಬೇವು ಲೇಪಿತ ಯೂರಿಯಾ: ಹುಲ್ಲಿಗೆ ಸೂಪರ್, ಹೇನಿಗೆ ಇನ್ನೂ ಸೂಪರ್

ಹಸುಗಳಿಗೆ ಅಂತ ಕೋ-4 ತಳಿಯ ಸೀಮೆಹುಲ್ಲು ಹಾಕಿದ್ದೇವೆ, ಪಕ್ಕದಲ್ಲೇ ಸ್ವಲ್ಪ ಮೇವಿನ ಮುಸುಕಿನ ಜೋಳ. ಎರಡಕ್ಕೂ ಇದೇ 45 ಕೆಜಿ ಮೂಟೆ. 266 ರೂಪಾಯಿ 50 ಪೈಸೆಗೆ ಇಷ್ಟು ಬೇಗ ಹಸಿರು ತರೋ ಗೊಬ್ಬರ ಬೇರೆ ಇಲ್ಲ ಬಿಡಿ. ಕೊಯ್ದ ಕೂಳೆಗೆ ಹಾಕಿ ನೀರು ಬಿಟ್ಟರೆ ಸಾಕು, ಚಿಗುರಿನ ಬಣ್ಣವೇ ಬೇರೆ.

ಆದರೆ "ಬೇವು ಇದೆಯಲ್ಲ, ಹುಳ ಹತ್ರ ಬರಲ್ಲ" ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬೇವಿನೆಣ್ಣೆ ಲೇಪಿಸಿರೋದು ಸಾರಜನಕ ಮಣ್ಣಲ್ಲಿ ನಿಧಾನವಾಗಿ ಸಿಗಲಿ, ನೀರಿನ ಜೊತೆ ಬಸಿದು ಹೋಗದಿರಲಿ ಅಂತ ಅಷ್ಟೇ. ಎಲೆಗೆ ಅದರಿಂದ ಯಾವ ಕಾವಲೂ ಇಲ್ಲ. ಉಲ್ಟಾ, ಯೂರಿಯಾ ಜಾಸ್ತಿ ಆದರೆ ಎಲೆ ಮೆತ್ತಗಾಗಿ ರಸದಲ್ಲಿ ಅಮೈನೋ ಆಮ್ಲ ಹೆಚ್ಚುತ್ತದೆ, ಗಿಡದ ರಸ ಹೀರೋ ಹೇನಿಗೆ ಬೇಕಾಗಿರೋದೂ ಅದೇ ಅಲ್ವಾ, ಬೇಗ ಬೆಳೆದು ಬೇಗ ಮರಿ ಹಾಕುತ್ತದೆ. ನಮ್ಮಲ್ಲಿ ಮೂಟೆ ಬಿಚ್ಚಿದ ಬದುವಿನ ಪಕ್ಕ ಗೊಬ್ಬರ ಚೆಲ್ಲಿತ್ತು. ಅಲ್ಲಿನ ಜೋಳ ಕಡುಹಸಿರು, ಸುಳಿ ಬಿಡಿಸಿ ನೋಡಿದರೆ ಒಳಗೆಲ್ಲ ಹೇನು, ಎಲೆಯೆಲ್ಲ ಅಂಟು, ಕಾಂಡದುದ್ದಕ್ಕೂ ಇರುವೆ ಸಾಲು. ನಾಲ್ಕು ಮಾರು ಆಚೆ, ಹದವಾಗಿ ಬಿದ್ದ ಕಡೆ, ಹುಡುಕಬೇಕಿತ್ತು.

ಸೀಮೆಹುಲ್ಲಿಗೆ ಅಷ್ಟು ತಲೆಬಿಸಿ ಇಲ್ಲ. 45 ದಿನಕ್ಕೊಮ್ಮೆ ಕೊಯ್ತೀವಿ, ಹುಳವೂ ಹುಲ್ಲಿನ ಜೊತೆಗೇ ಹೋಗುತ್ತದೆ. ಜೋಳ ಹಾಗಲ್ಲ. 2018ರಲ್ಲಿ ದೇಶದಲ್ಲೇ ಮೊದಲು ಶಿವಮೊಗ್ಗದಲ್ಲಿ ಕಾಣಿಸಿದ ಫಾಲ್ ಸೈನಿಕ ಹುಳು ಸುಳಿ ಹೊಕ್ಕರೆ ಸಿಗೋದು ತೂತು ಎಲೆ, ಹಿಕ್ಕೆ. ಮೇವು ಅಂದಮೇಲೆ ಔಷಧಿ ಹೊಡೆಯೋಕೂ ಹಿಂಜರಿಕೆ, ಹಾಲಿಗೆ ಬರುತ್ತಲ್ಲ.

ಹಾಗಂತ ಯೂರಿಯಾ ಬಿಡಬೇಕಿಲ್ಲ. ಒಂದೇ ಸಲ ಸುರಿಯಬೇಡಿ, ಎರಡು ಕಂತು ಮಾಡಿ, ಜೊತೆಗೆ ಪೊಟ್ಯಾಶ್ ಇರಲಿ, ಕಾಂಡ ಗಟ್ಟಿಯಾಗುತ್ತದೆ. ಕೊಟ್ಟಿಗೆ ಗೊಬ್ಬರ ಇದ್ದರೆ ಯೂರಿಯಾ ಇನ್ನೂ ಕಡಿಮೆ ಸಾಕು. ಹಾಕಿದ ತಕ್ಷಣ ಕೊಯ್ದು ಹಸುಗೆ ಕೊಡಬೇಡಿ, ನೈಟ್ರೇಟ್ ವಿಷ ಆಗಬಹುದು.

ಅಂಗಡಿ ಬಗ್ಗೆ ಒಂದು ಮಾತು. ಸೀಸನ್‌ನಲ್ಲಿ ಹೋದರೆ "ನ್ಯಾನೋ ಯೂರಿಯಾ (ದ್ರವ ಗೊಬ್ಬರ) ಬಾಟಲಿನೂ ತಗೊಂಡ್ರೆ ಮಾತ್ರ ಮೂಟೆ" ಅಂದರು. ಬೇಡ, ಬರೀ ಮೂಟೆಗೆ ಬಿಲ್ ಹಾಕಿ ಅಂತ ಪಟ್ಟು ಹಿಡಿದ ಮೇಲೆ ಗೊಣಗುತ್ತಾ ಕೊಟ್ಟರು. ನೀವೂ ಬಿಲ್ ಕೇಳಿ.