ಲಾಡ್ಜಿನ ಕೋಣೆಗೆ ಕುಡಿಯುವ ನೀರು: ಪ್ಲಾಸ್ಟಿಕ್ ಬಾಟಲಿ, ಗಾಜಿನ ಬಾಟಲಿ, ಮಹಡಿಗೊಂದು ಫಿಲ್ಟರ್

ಮೈಸೂರಿನ ಮಧ್ಯಮ ದರ್ಜೆಯ ಲಾಡ್ಜೊಂದರ ಮ್ಯಾನೇಜರ್ ಆಗಿ, ಕೋಣೆಗಳಿಗೆ ಕುಡಿಯುವ ನೀರು ಒದಗಿಸುವ ಮೂರು ಕ್ರಮಗಳನ್ನು ನಾನು ನಡೆಸಿ ನೋಡಿದ್ದೇನೆ. ಒಂದು, ಅರ್ಧ ಲೀಟರಿನ ಸೀಲ್ ಮಾಡಿದ ಪ್ಲಾಸ್ಟಿಕ್ ಬಾಟಲಿ; ಇನ್ನೊಂದು, ನಮ್ಮಲ್ಲೇ ತೊಳೆದು ತುಂಬಿಸುವ ಗಾಜಿನ ಬಾಟಲಿ; ಮತ್ತೊಂದು, ಮಹಡಿಗೊಂದು ಫಿಲ್ಟರ್ ಕೂರಿಸಿ ಕೋಣೆಗೊಂದು ಸ್ಟೀಲ್ ಜಗ್ ಕೊಡುವುದು. ಇವುಗಳ ಬೆಲೆಯನ್ನು ಹೋಲಿಸುವುದು ಸುಲಭ. ಆದರೆ ಯಾವುದು ಉಳಿಯುತ್ತದೆ, ಯಾವುದು ಕೆಲವೇ ತಿಂಗಳಲ್ಲಿ ಕೈಬಿಟ್ಟುಹೋಗುತ್ತದೆ ಎಂಬುದನ್ನು ತೀರ್ಮಾನಿಸುವುದು ಬೆಲೆಗಿಂತ ಹೆಚ್ಚಾಗಿ ಮ್ಯಾನೇಜರನ ಮನೋಭಾವ ಎಂಬುದು ನನ್ನ ಅನುಭವ.

ನಮ್ಮ ವೃತ್ತಿಯಲ್ಲಿ ಪರಿಸರ ಕಾಳಜಿ ಬೇಡ ಎನ್ನುವವರನ್ನು ನಾನು ಕಂಡಿಲ್ಲ. ಸೋಲಾರ್ ಹೀಟರ್, ಎಲ್‌ಇಡಿ ದೀಪ, ಕೊಳಚೆ ನೀರನ್ನು ಶುದ್ಧೀಕರಿಸಿ ತೋಟಕ್ಕೆ ಬಿಡುವುದು, ಇವೆಲ್ಲವನ್ನೂ ಮ್ಯಾನೇಜರುಗಳು ತಕರಾರಿಲ್ಲದೆ ಒಪ್ಪುತ್ತಾರೆ. ಬೆಂಗಳೂರು ಜಲಮಂಡಳಿ 2024ರ ಮಾರ್ಚ್‌ನಲ್ಲಿ ಹೋಟೆಲ್ ಮತ್ತು ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಏರಿಯೇಟರ್ (ಗಾಳಿ ಬೆರೆಸಿ ನೀರಿನ ಹರಿವು ತಗ್ಗಿಸುವ ಸಣ್ಣ ಜಾಲರಿ) ಕಡ್ಡಾಯ ಮಾಡಿದಾಗ ಅಲ್ಲಿನ ನನ್ನ ಪರಿಚಿತ ಮ್ಯಾನೇಜರುಗಳು ಅವನ್ನು ಹಾಕಿಸಿಕೊಂಡರು. ಒಬ್ಬ ಅತಿಥಿಯೂ ಅದರ ಬಗ್ಗೆ ಕೇಳಲಿಲ್ಲ ಎಂದು ಅವರೇ ಹೇಳಿದರು. ಅತಿಥಿಯ ಕಣ್ಣಿಗೆ ಬೀಳದ ಬದಲಾವಣೆ ಸಲೀಸಾಗಿ ನಡೆದುಹೋಗುತ್ತದೆ. ಅತಿಥಿಯ ಕೈಗೆ, ಅದರಲ್ಲೂ ಬಾಯಿಗೆ, ಹೋಗುವ ವಸ್ತುವನ್ನು ಬದಲಿಸುವ ಮಾತು ಬಂದಾಗಲೇ ಹಿಂಜರಿಕೆ ಶುರುವಾಗುವುದು. ಹಿರಿಯ ಸಹೋದ್ಯೋಗಿಯೊಬ್ಬರು ನನಗೆ ಹೇಳಿದ್ದು ಹೀಗೆ: "ಬೇರೆ ಏನಾದರೂ ಮಾಡಿ ಸಾರ್, ನೀರಿಗೆ ಮಾತ್ರ ಕೈ ಹಾಕಬೇಡಿ. ಒಬ್ಬರ ಹೊಟ್ಟೆ ಕೆಟ್ಟರೂ ಬರೋದು ನಮ್ಮ ತಲೆಗೇ."

ಈ ಭಯಕ್ಕೆ ಪ್ಲಾಸ್ಟಿಕ್ ಬಾಟಲಿ ಒಳ್ಳೆಯ ಉತ್ತರ ಎಂಬುದನ್ನು ಒಪ್ಪಲೇಬೇಕು. ಸೀಲ್ ಇದೆ, ತಯಾರಾದ ತಾರೀಖು ಇದೆ, ನೀರು ಕೆಟ್ಟರೆ ಕಂಪನಿಯನ್ನು ಕೇಳಬಹುದು. ಸಿಬ್ಬಂದಿ ಎಣಿಸಿ ಇಟ್ಟು ಬಂದರೆ ಮುಗಿಯಿತು. ಕಾನೂನಿನ ಒತ್ತಡವೂ ಇಲ್ಲ: 2022ರ ಜುಲೈ 1ರಿಂದ ದೇಶದಾದ್ಯಂತ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸ್ಟ್ರಾ, ಚಮಚ, ತಟ್ಟೆ, ಲೋಟಗಳಿವೆ, ನೀರಿನ ಬಾಟಲಿ ಇಲ್ಲ. ಆದರೆ ಲೆಕ್ಕ ಹಾಕಿದರೆ ಗಾಬರಿಯಾಗುತ್ತದೆ. ನಲವತ್ತು ಕೋಣೆಗಳ ಲಾಡ್ಜಿನಲ್ಲಿ ಸರಾಸರಿ ಶೇ 60ರಷ್ಟು ಕೋಣೆಗಳು ತುಂಬಿದರೂ, ಕೋಣೆಗೆ ದಿನಕ್ಕೆ ಎರಡರಂತೆ ವರ್ಷಕ್ಕೆ 17,520 ಬಾಟಲಿಗಳಾಗುತ್ತವೆ. ಅದಕ್ಕಿಂತಲೂ ನನ್ನ ಮನಸ್ಸಿಗೆ ನೋವಾದದ್ದು ಬೆಳಗಿನ ಹೊತ್ತು ಖಾಲಿಯಾದ ಕೋಣೆಗಳಲ್ಲಿ ಕಾಣುವ ನೋಟ: ಎರಡು ಗುಟುಕು ಕುಡಿದು ಬಿಟ್ಟ ಬಾಟಲಿಗಳು ಸಾಲಾಗಿ ನಿಂತಿರುತ್ತವೆ, ಹುಡುಗರು ಒಂದೊಂದನ್ನೇ ಸಿಂಕಿಗೆ ಸುರಿದು, ಕಾಲಿನಲ್ಲಿ ಅದುಮಿ ಚೀಲಕ್ಕೆ ತುಂಬುತ್ತಾರೆ. ಬಾಟಲಿಗಳನ್ನು ಗುಜರಿಯವರು ಒಯ್ಯುತ್ತಾರೆ; ಮುಚ್ಚಳಗಳು ಮಾತ್ರ ಚರಂಡಿಯ ಜಾಲರಿಯಲ್ಲಿ, ಗಿಡದ ಬುಡದಲ್ಲಿ ಸಿಗುತ್ತಲೇ ಇರುತ್ತವೆ.

ಮಹಡಿಗೊಂದು ಫಿಲ್ಟರ್ ಇಡುವ ಕ್ರಮ ಖರ್ಚಿನಲ್ಲಿ ಎಲ್ಲಕ್ಕಿಂತ ಅಗ್ಗ. ಆದರೆ ಸೀಲ್ ಇಲ್ಲದ ಜಗ್ಗಿನ ನೀರನ್ನು ಯಾರೂ ನಂಬುವುದಿಲ್ಲ, ವಯಸ್ಸಾದವರು ರಾತ್ರಿ ಕೋಣೆಯಿಂದ ಹೊರಗೆ ಬಂದು ನೀರು ಹಿಡಿಯಲಾರರು, ಕಾರಿಡಾರಿನಲ್ಲಿ ಚೆಲ್ಲಿದ ನೀರಿನ ಮೇಲೆ ಕಾಲು ಜಾರುವ ಅಪಾಯ ಬೇರೆ. ಶಾಲಾ ಪ್ರವಾಸದ ಮಕ್ಕಳಿಗೂ ತಂಡಗಳಲ್ಲಿ ಬರುವ ಯಾತ್ರಿಕರಿಗೂ ಮಾತ್ರ ಇದು ಬಹಳ ಚೆನ್ನಾಗಿ ಹೊಂದಿತು. ಚಾಮುಂಡಿ ಬೆಟ್ಟಕ್ಕೆ ಹೊರಡುವ ಮುಂಚೆ ತಮ್ಮದೇ ಬಾಟಲಿಗಳನ್ನು ಹಿಡಿದು ಅವರು ಅಲ್ಲಿ ಸಾಲುಗಟ್ಟುತ್ತಿದ್ದರು.

ಗಾಜಿನ ಬಾಟಲಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕಾದದ್ದು. ಐಟಿಸಿಯಂತಹ ದೊಡ್ಡ ಹೋಟೆಲ್ ಸಮೂಹಗಳು ತಮ್ಮಲ್ಲೇ ಶುದ್ಧೀಕರಿಸಿದ ನೀರನ್ನು ಗಾಜಿನ ಬಾಟಲಿಗಳಲ್ಲಿ ಕೊಡುತ್ತಿವೆ ಎಂದರೆ, ಅದು ಐದು ನಕ್ಷತ್ರದವರಿಗೆ ಸರಿ, ನಮಗೆ ಆಗುವುದಿಲ್ಲ ಎಂದೇ ಎಲ್ಲರೂ ಹೇಳುತ್ತಿದ್ದರು. ದೊಡ್ಡ ಯಂತ್ರ ಬೇಕಾಗುತ್ತದೆ ಎಂಬ ಊಹೆ ಅದಕ್ಕೆ ಕಾರಣ. ಮೈಸೂರಿನ ನಲ್ಲಿಗೆ ಬರುವುದು ಕಾವೇರಿ ಮತ್ತು ಕಬಿನಿಯ ನೀರು. ಕುಡಿಯುವ ನೀರಿನಲ್ಲಿ ಕರಗಿದ ಲವಣಾಂಶ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು ಎಂಬ ಭಾರತೀಯ ಮಾನಕದ ಮಿತಿಯನ್ನು ನಮ್ಮ ಮೀಟರಿನಲ್ಲಿ ಅದು ಎಂದೂ ದಾಟಲಿಲ್ಲ. ಇಂತಹ ನೀರಿಗೆ ಆರ್‌ಒ (ಒತ್ತಡದಿಂದ ನೀರನ್ನು ಪೊರೆಯ ಮೂಲಕ ಹಾಯಿಸಿ ಲವಣ ತೆಗೆಯುವ ಯಂತ್ರ) ಅಗತ್ಯವೇ ಇಲ್ಲ, ಹಾಕಿದರೆ ಒಳ್ಳೆಯ ನೀರಿನ ದೊಡ್ಡ ಪಾಲು ಮೋರಿಗೆ ಹೋಗುತ್ತದೆ. ಈ ಮಿತಿಯೊಳಗಿನ ನೀರಿಗೆ ಆರ್‌ಒ ಬಳಸುವುದನ್ನು ನಿಷೇಧಿಸಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಪರಿಸರ ಸಚಿವಾಲಯಕ್ಕೆ ಸೂಚಿಸಿತ್ತು. ಮರಳು ಮತ್ತು ಇದ್ದಿಲಿನ ಫಿಲ್ಟರ್, ಸೂಕ್ಷ್ಮ ಪೊರೆ, ಕೊನೆಗೆ ಯುವಿ (ಅತಿನೇರಳೆ) ದೀಪ, ಇಷ್ಟೇ ನಮಗೆ ಸಾಕಾಯಿತು. ಗಡಸಾದ ಬೋರ್‌ವೆಲ್ ನೀರನ್ನೇ ನಂಬಿರುವ ಊರುಗಳಲ್ಲಿ ಈ ಲೆಕ್ಕ ಬದಲಾಗುತ್ತದೆ, ಅಲ್ಲಿ ಮೊದಲು ನೀರಿನ ಪರೀಕ್ಷೆ ಮಾಡಿಸಿಯೇ ಮುಂದುವರಿಯಬೇಕು.

ಯಂತ್ರಕ್ಕಿಂತ ಕಷ್ಟವಾದದ್ದು ತೊಳೆಯುವ ಕೆಲಸ. ಬಾಟಲಿ ತೊಳೆಯುವುದು ಹೌಸ್‌ಕೀಪಿಂಗಿನವರ ಕೆಲಸವೋ ಅಡುಗೆಮನೆಯವರ ಕೆಲಸವೋ ಎಂಬ ಜಗಳ ಇತ್ಯರ್ಥವಾಗುವವರೆಗೆ ಈ ಕ್ರಮ ನಿಲ್ಲುವುದಿಲ್ಲ. ನಾವು ಅದನ್ನು ಒಬ್ಬರ ಹೆಸರಿಗೇ ಬರೆದು, ಆ ಹೊತ್ತಿಗೆ ಅವರಿಗೆ ಬೇರೆ ಕೆಲಸ ಹೇಳದಂತೆ ಮಾಡಿದೆವು. ಬಿಸಿನೀರಿನಲ್ಲಿ ಸೋಪು ಹಾಕಿ, ಉದ್ದ ಬ್ರಷ್‌ನಿಂದ ಒಳಗೆ ಉಜ್ಜಿ, ಕಂಠವನ್ನು ಪ್ರತ್ಯೇಕವಾಗಿ ತಿಕ್ಕಿ, ಸ್ಟ್ಯಾಂಡಿನಲ್ಲಿ ಬೋರಲು ಹಾಕಿ, ಒಣಗಿದ ಮೇಲೆ ಕಿಟಕಿಯ ಬೆಳಕಿಗೆ ಹಿಡಿದು ನೋಡಬೇಕು. ಲಿಪ್‌ಸ್ಟಿಕ್ಕಿನ ಒಂದು ಗೆರೆ, ಸುಣ್ಣದ ಒಂದು ಕಲೆ ಉಳಿದಿದ್ದರೂ ಅಷ್ಟೂ ಶ್ರಮ ನೀರುಪಾಲು. ಯುವಿ ದೀಪ ಆ ಕ್ಷಣದ ಕ್ರಿಮಿಗಳನ್ನು ಕೊಲ್ಲುತ್ತದೆಯೇ ಹೊರತು ಆಮೇಲೆ ನೀರಿಗೆ ರಕ್ಷಣೆ ಕೊಡುವುದಿಲ್ಲ; ಆದ್ದರಿಂದ ತುಂಬಿದ ತಾರೀಖನ್ನು ಬರೆದ ಕಾಗದದ ಪಟ್ಟಿಯನ್ನು ಮುಚ್ಚಳದ ಮೇಲಿಂದ ಕಂಠದವರೆಗೆ ಅಂಟಿಸಿ, ಮರುದಿನ ಉಳಿದ ನೀರನ್ನು ಗಿಡಗಳಿಗೆ ಹಾಕುತ್ತೇವೆ.

ಆ ಕಾಗದದ ಪಟ್ಟಿಯೇ ಅತಿಥಿಗಳ ನಂಬಿಕೆಯನ್ನು ಗಳಿಸಿತು. ಪಟ್ಟಿ ಇಲ್ಲದಿದ್ದಾಗ ಹಲವರು ಹೊರಗಿನಿಂದ ಬಾಟಲಿ ಕೊಂಡು ತರುತ್ತಿದ್ದರು. ಪಟ್ಟಿ ಬಂದ ಮೇಲೆ, ನೀರಿನ ಪರೀಕ್ಷಾ ವರದಿಯನ್ನು ರಿಸೆಪ್ಷನ್ನಿನಲ್ಲಿ ತೂಗುಹಾಕಿದ ಮೇಲೆ, ಕೀಲಿ ಕೊಡುವಾಗಲೇ "ನೀರು ಇಲ್ಲೇ ಶುದ್ಧ ಮಾಡಿ ಇವತ್ತು ತುಂಬಿದ್ದು ಅಮ್ಮ, ಎಷ್ಟು ಬೇಕಾದರೂ ಫೋನ್ ಮಾಡಿ" ಎಂದು ಹುಡುಗರು ಹೇಳತೊಡಗಿದ ಮೇಲೆ ಚಿತ್ರ ಬದಲಾಯಿತು. ಎರಡೇ ಬಾಟಲಿ ಎಂಬ ಮಿತಿ ಹೋದದ್ದು ಅತಿಥಿಗಳಿಗೆ ನಿಜವಾದ ಲಾಭ. ಪರಿಸರದ ಹೆಸರಿನಲ್ಲಿ ಅವರಿಂದ ಏನನ್ನೋ ಕಿತ್ತುಕೊಂಡಂತೆ ಆಗಲಿಲ್ಲ. ಮ್ಯಾನೇಜರುಗಳ ಹಿಂಜರಿಕೆ ಕರಗುವುದೂ ಇಂತಹ ಕಡೆಯಲ್ಲೇ ಎಂದು ನಾನು ನಂಬಿದ್ದೇನೆ.

ಪಕ್ಕದ ಲಾಡ್ಜಿನವರು ಸೀಲ್ ಬಾಟಲಿ ಕೊಡುತ್ತಾರಲ್ಲ ಎಂಬ ಆಕ್ಷೇಪಣೆಗೆ ಮಾತ್ರ ಒಂದು ಲಾಡ್ಜಿನ ಮಟ್ಟದಲ್ಲಿ ಪೂರ್ತಿ ಉತ್ತರ ಇಲ್ಲ. ಸಿಕ್ಕಿಂನಲ್ಲಿ 2022ರ ಜನವರಿಯಿಂದ ಪ್ಲಾಸ್ಟಿಕ್ ಬಾಟಲಿ ನೀರಿಗೇ ನಿಷೇಧವಿದೆ. ನಮ್ಮ ನೆರೆಯ ನೀಲಗಿರಿಯಲ್ಲೂ ಸಣ್ಣ ಬಾಟಲಿಗಳನ್ನು ನಿಷೇಧಿಸಿ ರಸ್ತೆ ಬದಿಯಲ್ಲಿ ನೀರಿನ ಎಟಿಎಂ ಇಟ್ಟಿದ್ದಾರೆ. ಅಂತಹ ಕಡೆ ಯಾವ ಮ್ಯಾನೇಜರನೂ ಒಂಟಿಯಾಗಿ ಧೈರ್ಯ ತೋರಬೇಕಾಗಿಲ್ಲ. ಮೈಸೂರು, ಕೊಡಗುಗಳಿಗೂ ಅಂತಹ ನಿಯಮ ಬರಲಿ ಎಂಬುದು ನನ್ನ ಮನಃಪೂರ್ವಕ ಆಸೆ.

ಈಗ ನಮ್ಮ ಕೋಣೆಗಳಲ್ಲಿ ಗಾಜಿನ ಬಾಟಲಿ, ತಂಡಗಳಿಗಾಗಿ ಕೆಳಮಹಡಿಯಲ್ಲಿ ಒಂದು ಫಿಲ್ಟರ್, ಬೇಕೆಂದು ಕೇಳಿದವರಿಗೆ ಮಾತ್ರ ರಿಸೆಪ್ಷನ್ನಿನಲ್ಲಿ ಪ್ಲಾಸ್ಟಿಕ್ ಬಾಟಲಿ. ಇದನ್ನು ಶುರುಮಾಡಬೇಕೆಂದಿರುವವರು ಮೊದಲು ಬಾಟಲಿಗಳ ಸಂಖ್ಯೆಯನ್ನು ನೋಡಿಕೊಳ್ಳಬೇಕು. ದಸರಾ ದಿನಗಳಲ್ಲಿ ಎಲ್ಲ ಕೋಣೆಗಳೂ ತುಂಬಿ, ತೊಳೆಯುವವರ ಕೈ ಸಾಲದಾದಾಗಲೇ ಪ್ಲಾಸ್ಟಿಕ್ ಪೆಟ್ಟಿಗೆಗಳು ವಾಪಸ್ ಬರುವುದು. ಬೆಡ್‌ಶೀಟಿಗೆ ನಾವು ಕೋಣೆಯಲ್ಲಿ ಒಂದು, ಲಾಂಡ್ರಿಯಲ್ಲಿ ಒಂದು, ಸ್ಟೋರಿನಲ್ಲಿ ಒಂದು ಎಂದು ಮೂರು ಸೆಟ್ ಇಡುತ್ತೇವೆ. ಬಾಟಲಿಗಳಿಗೂ ಅದೇ ಮೂರು ಸೆಟ್, ಜೊತೆಗೆ ಒಡೆಯುವುದಕ್ಕೆಂದು ಒಂದಿಷ್ಟು ಹೆಚ್ಚುವರಿ ಇರಲೇಬೇಕು, ಮಾಲೀಕರಿಂದ ಅಷ್ಟಕ್ಕೂ ಮೊದಲೇ ಮಂಜೂರಾತಿ ಪಡೆದಿರಬೇಕು.