ಹಿಮಾಲಯಕ್ಕೆ ಬೈಕ್ ಲಾರಿಯಲ್ಲಿ ಕಳಿಸುವ ಮುಂಚೆ ಬಿಲ್ಟಿ ಓದಿ

ಸ್ಪಿತಿಗೋ ಲಡಾಖಿಗೋ ಟೆಂಟ್ ಕಟ್ಟಿಕೊಂಡು ಬೈಕಲ್ಲಿ ಹೊರಡುವ ಪ್ಲಾನ್ ಇದೆಯಾ? ಬೈಕನ್ನು ಬೆಂಗಳೂರಿನಿಂದ ಲಾರಿಗೆ ಹಾಕಿ, ನೀವು ಫ್ಲೈಟಲ್ಲಿ ಹೋಗೋಣ ಅಂದುಕೊಂಡಿದ್ದೀರಾ? ಹಾಗಾದರೆ ಇದನ್ನು ಓದಿ. ಬರೀ ದುಡ್ಡು ಹೋಗಿದ್ದರೆ ನಾನು ಬರೆಯುತ್ತಿರಲಿಲ್ಲ. ಬೈಕ್ ತಡವಾಗಿದ್ದಕ್ಕೆ ನಮ್ಮ ಜೊತೆಗಿದ್ದ ಹುಡುಗನೊಬ್ಬ ಸ್ಪಿತಿಯ ಚಂದ್ರತಾಲ್ ಕೆರೆ ಹತ್ತಿರದ ಕ್ಯಾಂಪಿನಲ್ಲಿ ರಾತ್ರಿಯಿಡೀ ವಾಂತಿ ಮಾಡಿಕೊಂಡ.

ಲಾರಿಗೆ ಹಾಕುವುದೇ ತಪ್ಪು ಅಂತ ಹೇಳುತ್ತಿಲ್ಲ. ಬೆಂಗಳೂರಿಂದ ದೆಹಲಿ ಎರಡು ಸಾವಿರ ಕಿಲೋಮೀಟರ್ ದಾಟುತ್ತದೆ. ಓಡಿಸಿಕೊಂಡು ಹೋದರೆ ಆಫೀಸಿನ ರಜೆಯೆಲ್ಲ ಹೈವೇಯಲ್ಲೇ ಮುಗಿಯುತ್ತದೆ. ನಾವು ಆನ್‌ಲೈನಲ್ಲಿ ವಿಚಾರಿಸಿದ್ದೇ ತಡ, ಸಾಲುಸಾಲಾಗಿ ಫೋನ್ ಬಂದವು. ಅದರಲ್ಲೊಬ್ಬ ಕನ್ನಡದವನು, ಮಾತು ಬೆಣ್ಣೆ. "ಡೋರ್ ಟು ಡೋರ್ ಸಾರ್. ಚಂಡೀಗಢದಲ್ಲಿ ನಿಮ್ಮ ಹೋಟೆಲ್ ಮುಂದೇನೇ ಇಳಿಸ್ತೀವಿ. ಒಂದು ವಾರ ಅಂದ್ರೆ ಒಂದೇ ವಾರ." ರೇಟೂ ಉಳಿದವರಿಗಿಂತ ಕಡಿಮೆ.

ಕತ್ತರಿಗುಪ್ಪೆಯ ಮನೆ ಹತ್ತಿರ ಟಾಟಾ ಏಸ್ ಬಂತು. ಪ್ಯಾಕಿಂಗ್ ಚೆನ್ನಾಗೇ ಮಾಡಿದರು, ಸುಳ್ಳು ಹೇಳಬಾರದು. ಆದರೆ ಕೈಗೆ ಕೊಟ್ಟ ಬಿಲ್ಟಿ, ಅಂದರೆ ಲಾರಿಯವರು ಕೊಡುವ ಸಾಗಣೆ ರಸೀದಿ, ನೋಡಬೇಕಿತ್ತು ನೀವು. ಫೋನಲ್ಲಿ ಹೇಳಿದ ಕಂಪನಿ ಹೆಸರೇ ಬೇರೆ, ಅದರಲ್ಲಿ ಅಚ್ಚಾಗಿದ್ದ ಹೆಸರೇ ಬೇರೆ. ಲಾರಿ ನಂಬರಿನ ಜಾಗ ಖಾಲಿ. ಬೈಕಿನ ಬೆಲೆ ಬರೆಯುವ ಕಡೆ ಒಂದು ಗೀಟು. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ, ಮಾಲಿಗೆ ಏನಾದರೂ ಮಾಲೀಕರೇ ಹೊಣೆ ಅಂತ. ಕೇಳಿದರೆ, "ನೆಲಮಂಗಲ ಗೋಡೌನಲ್ಲಿ ಲೋಡ್ ಆದ್ಮೇಲೆ ನಂಬರ್ ವಾಟ್ಸಾಪ್ ಮಾಡ್ತೀವಿ ಸಾರ್" ಅಂದರು. ಆ ನಂಬರ್ ಬರಲೇ ಇಲ್ಲ.

ಬಂದಿದ್ದು ಬೇರೆ ಮೆಸೇಜು. ಇ-ವೇ ಬಿಲ್ (ಸರಕು ಸಾಗಿಸಲು ಜಿಎಸ್‌ಟಿಯಲ್ಲಿ ಮಾಡಿಸುವ ಆನ್‌ಲೈನ್ ದಾಖಲೆ) ಮಾಡಿಸಬೇಕು, ಅದಕ್ಕೆ ಬೈಕಿನ ಬೆಲೆಯ ಮೇಲೆ ಜಿಎಸ್‌ಟಿ ಡೆಪಾಸಿಟ್ ಕಟ್ಟಿ, ಡೆಲಿವರಿ ಆದಮೇಲೆ ವಾಪಸ್ ಕೊಡುತ್ತೇವೆ ಅಂತ. ಶುದ್ಧ ಸುಳ್ಳು. ನಾವು ಬಳಸುತ್ತಿರುವ ಸ್ವಂತ ವಸ್ತುಗಳನ್ನು ಸಾಗಿಸಲು ಇ-ವೇ ಬಿಲ್ ಬೇಕಿಲ್ಲ ಅಂತ ಜಿಎಸ್‌ಟಿ ನಿಯಮದಲ್ಲೇ ಇದೆ. ಅದನ್ನು ಹೇಳಿದ ತಕ್ಷಣ ದನಿ ಬದಲಾಯಿತು. "ಹಂಗಾದ್ರೆ ಗಾಡಿ ಇಲ್ಲೇ ಇರುತ್ತೆ, ನೋಡ್ಕೊಳಿ." ಇಲ್ಲೇ ಅಂದರೆ ಎಲ್ಲಿ? ಒಂದು ದಿನ ನಾಗ್ಪುರ, ಮರುದಿನ ಹೈದರಾಬಾದ್. ಲಾರಿ ಹಿಂದಕ್ಕೆ ಹೋಗುತ್ತಿತ್ತೇನೋ! ಕೊನೆಗೆ ಜಗಳವಾಡಿ, ಕೇಳಿದ್ದರಲ್ಲಿ ಅರ್ಧ ಕೊಟ್ಟಮೇಲೆ ಬೈಕುಗಳು ಚಂಡೀಗಢ ತಲುಪಿದವು. ಹೋಟೆಲ್ ಮುಂದೆ ಅಲ್ಲ, ಊರ ಹೊರಗಿನ ಒಂದು ಟ್ರಾನ್ಸ್‌ಪೋರ್ಟ್ ಯಾರ್ಡಿಗೆ. ನನ್ನ ಬೈಕಿನ ಕ್ಲಚ್ ಲಿವರ್ ಬಾಗಿತ್ತು, ಒಂದು ಕನ್ನಡಿ ಇರಲಿಲ್ಲ. ಮೀಟರ್ ನೋಡಿದರೆ, ಕಳಿಸುವಾಗ ತೆಗೆದ ಫೋಟೋದಲ್ಲಿ ಇದ್ದಿದ್ದಕ್ಕಿಂತ ಜಾಸ್ತಿ ಓಡಿತ್ತು. ಯಾರೋ ಆರಾಮಾಗಿ ಸುತ್ತಾಡಿದ್ದಾರೆ.

ಇಷ್ಟರಲ್ಲಿ ನಮ್ಮ ರಜೆ ಕರಗಿತ್ತು. ಅಸಲಿ ಪ್ಲಾನ್ ಶಿಮ್ಲಾ ಕಡೆಯಿಂದ. ನಾರ್ಕಂಡಾ, ಕಲ್ಪಾ, ನಾಕೋ, ತಾಬೋ, ಆಮೇಲೆ ಸ್ಪಿತಿಯ ಮುಖ್ಯ ಊರು ಕಾಜಾ. ನಿಧಾನಕ್ಕೆ ಹತ್ತಿಕೊಂಡು ಹೋಗುವ ದಾರಿ, ಮೈ ಎತ್ತರಕ್ಕೆ ಒಗ್ಗುತ್ತಾ ಹೋಗುತ್ತದೆ. ಚಂದ್ರತಾಲ್ ಕೊನೆಗೆ. ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಸುಮ್ನೆ ಕೂರಬೇಕು ಅಂತ ವೈದ್ಯರು ಹೇಳುತ್ತಾರೆ. ನಮ್ಮ ಬೆಂಗಳೂರು ಇರುವುದೇ ಸುಮಾರು 920 ಮೀಟರಿನಲ್ಲಿ.

ವಾಪಸ್ ಟಿಕೆಟ್ ಬುಕ್ ಆಗಿತ್ತು. "ಮಗಾ, ಮನಾಲಿ ಕಡೆಯಿಂದ ಹೋದ್ರೆ ಒಂದೇ ದಿನ, ಅಟಲ್ ಟನಲ್ ಇದೆಯಲ್ಲ" ಅಂದರು ಗುಂಪಿನವರು. ನಾನು ಬೇಡ ಅಂದೆ, ಕೇಳುವವರಿರಲಿಲ್ಲ. ಮನಾಲಿ ಸುಮಾರು 2,000 ಮೀಟರ್, ಚಂದ್ರತಾಲ್ ಸುಮಾರು 4,300. ಟನಲ್ ದಾಟಿ ಗ್ರಾಂಫೂನಿಂದ ಆಚೆ ರಸ್ತೆ ಅನ್ನುವುದು ಹೆಸರಿಗೆ ಮಾತ್ರ, ಬರೀ ಕಲ್ಲು. ಬಿಸಿಲಿಗೆ ಹಿಮ ಕರಗಿ ಮಧ್ಯಾಹ್ನದ ಮೇಲೆ ಹಳ್ಳಗಳು ಏರುತ್ತವೆ. ಅವನ್ನು ಬೆಳಿಗ್ಗೆಯೇ ದಾಟಬೇಕು. ನಾವು ದಾರಿಯಲ್ಲಿ ಸಿಗುವ ಛತ್ರು ಬಿಡುವಾಗಲೇ ಮಧ್ಯಾಹ್ನ. ಒಂದು ಕಡೆ ನೀರು ಸೈಲೆನ್ಸರ್ ಮುಟ್ಟಿತು, ಬೂಟಿನ ತುಂಬ ಐಸ್ ನೀರು. ಅದೇ ಒದ್ದೆ ಕಾಲಲ್ಲಿ ಕತ್ತಲಾದ ಮೇಲೆ ಕ್ಯಾಂಪ್ ತಲುಪಿದೆವು. (ಕೆರೆ ದಡದಲ್ಲೇ ಟೆಂಟ್ ಹಾಕಲು ಬಿಡುವುದಿಲ್ಲ, ಕೆಲವು ಕಿಲೋಮೀಟರ್ ಹಿಂದೆಯೇ ಉಳಿಯಬೇಕು.) ಎತ್ತರ ಮೈಗೆ ಒಗ್ಗದೆ ಆ ಹುಡುಗನಿಗೆ ಮೊದಲು ತಲೆನೋವು, ಆಮೇಲೆ ವಾಂತಿ. ಇಂಥ ಹೊತ್ತಲ್ಲಿ ಕೆಳಗಿಳಿಸುವುದೇ ಮದ್ದು. ಕಾಜಾ ಕಡೆ ಹೋಗಬೇಕೆಂದರೆ 4,500 ಮೀಟರ್ ದಾಟಿದ ಕುಂಜುಮ್ ಘಾಟಿ ಹತ್ತಬೇಕು. ಹಾಗಾಗಿ ಬೆಳಕು ಹರಿಯುತ್ತಿದ್ದಂತೆ ಕ್ಯಾಂಪಿನವರ ಜೀಪಿನಲ್ಲಿ ಅವನನ್ನು ಮನಾಲಿಗೆ ಇಳಿಸಿದೆವು. ಕಾಜಾ ನೋಡಲಿಲ್ಲ.

ವಾಪಸ್ ಬರುವಾಗ ಬೈಕುಗಳನ್ನು ದೆಹಲಿಯಿಂದ ಕರ್ನಾಟಕ ಎಕ್ಸ್‌ಪ್ರೆಸ್ ರೈಲಿಗೆ ಹಾಕಿದೆವು. ಹೋಗುವವರಿಗೂ ಅದೇ ವಾಸಿ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿಯೂ ಇದೆ. ಪಾರ್ಸೆಲ್ ಆಫೀಸಲ್ಲಿ 'ಪಾರ್ಸೆಲ್' ಬೇಡ, ನಿಮ್ಮ ಟಿಕೆಟ್ ತೋರಿಸಿ 'ಲಗೇಜ್' ಅಂತ ಮಾಡಿಸಿ. ಲಗೇಜ್ ಆದರೆ ಸಾಮಾನ್ಯವಾಗಿ ನಿಮ್ಮ ರೈಲಲ್ಲೇ ಬರುತ್ತದೆ. ಪಾರ್ಸೆಲ್ ಜಾಗ ಸಿಕ್ಕಾಗ ಹೋಗುತ್ತದೆ. ಆರ್‌ಸಿ, ಇನ್ಶೂರೆನ್ಸ್, ಗುರುತಿನ ಚೀಟಿಯ ಜೆರಾಕ್ಸ್ ಸಾಕು. ಒರಿಜಿನಲ್ ಆರ್‌ಸಿ ಯಾರ ಕೈಗೂ ಕೊಡಬೇಡಿ. ಟ್ಯಾಂಕ್ ಪೂರ್ತಿ ಖಾಲಿ ಇರಬೇಕು, ಇಳಿದ ಮೇಲೆ ಬಂಕಿಗೆ ತಳ್ಳುವ ಭಾಗ್ಯವೂ ನಿಮ್ಮದೇ. ಬೈಕಿನ ಬೆಲೆ ಬರೆಸಿ, ಇಲ್ಲದಿದ್ದರೆ ಡ್ಯಾಮೇಜ್ ಆದಾಗ ತೂಕದ ಲೆಕ್ಕದಲ್ಲಿ ಚಿಲ್ಲರೆ ಕೊಡುತ್ತಾರೆ. ತಲುಪಿದ ಮೇಲೆ ಬೇಗ ಬಿಡಿಸಿಕೊಳ್ಳಿ, ತಡವಾದರೆ ಗಂಟೆ ಲೆಕ್ಕದಲ್ಲಿ ಚಾರ್ಜ್ ಬೀಳುತ್ತದೆ.

ಲಾರಿಯೇ ಅನಿವಾರ್ಯ ಅನ್ನುವವರು ಟೆಂಟು, ಸ್ಲೀಪಿಂಗ್ ಬ್ಯಾಗನ್ನು ಬೈಕಿಗೆ ಕಟ್ಟಿ ಕಳಿಸಬೇಡಿ, ಜೊತೆಗೇ ಇಟ್ಟುಕೊಳ್ಳಿ. ಸ್ಟೌವಿನ ಗ್ಯಾಸ್ ಡಬ್ಬಿ ಮಾತ್ರ ವಿಮಾನದಲ್ಲಿ ಬಿಡುವುದಿಲ್ಲ, ಮನಾಲಿಯಲ್ಲಿ ಕೊಳ್ಳಿ. ಬಿಲ್ಟಿಯಲ್ಲಿ ಲಾರಿ ನಂಬರ್, ಬೈಕಿನ ಬೆಲೆ ಎರಡೂ ಬರೆಯದೆ ಗಾಡಿ ಮೇಲೆತ್ತಲು ಬಿಡಬೇಡಿ.

ಈಗಾಗಲೇ ಸಿಕ್ಕಿಬಿದ್ದಿದ್ದರೆ ಗ್ರಾಹಕರ ಸಹಾಯವಾಣಿ 1915. ಆನ್‌ಲೈನಲ್ಲಿ ದುಡ್ಡು ಹಾಕಿಸಿಕೊಂಡು ಮೋಸ ಮಾಡಿದ್ದರೆ 1930ಕ್ಕೆ ತಡಮಾಡದೆ ಫೋನ್ ಮಾಡಿ. ಲಾರಿಯವರ ಮೇಲೆ ನಷ್ಟಕ್ಕೆ ಕೇಸ್ ಹಾಕಬೇಕಾದರೆ, ಬುಕ್ ಮಾಡಿದ 180 ದಿನದೊಳಗೆ ಬರಹದಲ್ಲಿ ನೋಟಿಸ್ ಕೊಟ್ಟಿರಬೇಕು ಅಂತ 2007ರ ಸರಕು ಸಾಗಣೆ ಕಾಯ್ದೆ ಹೇಳುತ್ತದೆ. ನನ್ನ ನೋಟಿಸ್ ಹೋಗಿದೆ. ಮೀಟರಿನ ಎರಡು ಫೋಟೋ, ಗೀಟು ಎಳೆದ ಆ ಬಿಲ್ಟಿ, ವಾಟ್ಸಾಪ್ ಮೆಸೇಜು ಎಲ್ಲ ಜೊತೆಗೆ ಲಗತ್ತಿಸಿದ್ದೇನೆ.