ದೆವ್ವದ ಸಿನಿಮಾಕ್ಕೆ ಮನೆ: ಮಾಳಮಡ್ಡಿಯ ಹೆಂಚಿನದೋ, ನವನಗರದ ಆರ್‌ಸಿಸಿಯೋ?

ಒಂದು ಕುಟುಂಬ, ಒಂದು ಮನೆ, ಕಡಿಮೆ ದುಡ್ಡು ಅಂದರೆ ಮೊದಲ ಆಯ್ಕೆ ಧಾರವಾಡದ ಮಾಳಮಡ್ಡಿಯ ಹಳೇ ಹೆಂಚಿನ ಮನೆಯೇ. ಪಡಸಾಲಿ, ಅಟ್ಟ, ಕಟ್ಟಿಗೆ ಕಂಬ ಸೆಟ್ ಹಾಕದೆ ಸಿಗುತ್ತವೆ. ಆದರೆ ಹೆಂಚಿನ ಸಂದಿಯಿಂದ ಬೆಳಕು ಇಳಿಯುವುದರಿಂದ ಹಗಲಲ್ಲಿ ರಾತ್ರಿ ದೃಶ್ಯ ತೆಗೆಯಲಾಗದು; ಮಳೆಗಾಲದಲ್ಲಿ ಹೆಂಚಿನ ಮೇಲಿನ ಮಳೆ ಸದ್ದಿಗೆ ಪಿಸುಮಾತು ದಾಖಲಾಗದು. ಹಳೇ ವೈರಿಂಗ್ ನೋಡಿಕೊಳ್ಳಿ: 1000 ವ್ಯಾಟಿನ ಎರಡು ಲೈಟು ಸುಮಾರು 9 ಆಂಪ್ ಎಳೆಯುತ್ತವೆ, 5 ಆಂಪಿನ ಸಾಕೆಟ್ ತಡೆಯದು. ಎಲ್‌ಇಡಿ ಒಯ್ಯಿರಿ.

ಹುಬ್ಬಳ್ಳಿಯ ನವನಗರದ ಆರ್‌ಸಿಸಿ (ಕಾಂಕ್ರೀಟ್ ಚಾವಣಿಯ) ಬಾಡಿಗೆ ಮನೆಯಲ್ಲಿ ಕಿಟಕಿಗೆ ಕರಿ ಬಟ್ಟೆ ಬಿಗಿದರೆ ಮಧ್ಯಾಹ್ನವೂ ಕತ್ತಲು. ತೊಂದರೆ ಬೇರೆ: ಬಿಳಿ ಗೋಡೆ ಬೆಳಕು ಚೆಲ್ಲಿ ಕತ್ತಲನ್ನು ತಿನ್ನುತ್ತದೆ, ಖಾಲಿ ಕೋಣೆ ಮಾತನ್ನು ಮಾರ್ದನಿಸುತ್ತದೆ. ಕ್ಯಾಮೆರಾ ಹಿಂದಿನ ಗೋಡೆಗೆ ನಾಲ್ಕು ದಪ್ಪ ಕೌದಿ ತೂಗುಹಾಕಿದರೆ ಎರಡೂ ತಗ್ಗುತ್ತವೆ.